ಊಟಕ್ಕೂ ದೀಪಕ್ಕೂ ನಡುವಿನ ಹೊತ್ತು

ಹೋದ ವರ್ಷ ಶೀಗಿ ಹುಣ್ಣಿಮೆಯ ರಾತ್ರಿ ನಮ್ಮ ಮನೆಯಲ್ಲಿ ನಡೆದ ಒಂದು ಪ್ರಸಂಗದಿಂದ ಈ ತಿಂಗಳ ಮಾತನ್ನು ಆರಂಭಿಸುತ್ತೇವೆ. ಪ್ರಸಂಗ ಸಣ್ಣದು. ಆದರೆ ಅದು ವರ್ಷವಿಡೀ ನಮ್ಮ ಮನಸ್ಸನ್ನು ಬಿಡಲಿಲ್ಲ.

ನಮ್ಮ ಸೊಲ್ಲಾಪುರದಲ್ಲಿ ಆ ಹುಣ್ಣಿಮೆಗೆ ಕೋಜಾಗಿರಿ ಎನ್ನುತ್ತಾರೆ. ನಾವಿರುವ ಕಟ್ಟಡದ ಗಚ್ಚಿಯ ಮೇಲೆ ಅಂದು ಎಲ್ಲ ಮನೆಯವರು ಸೇರುತ್ತಾರೆ. ದೊಡ್ಡ ಪಾತೇಲಿಯಲ್ಲಿ ಹಾಲು ಕುದಿಸಿ, ಕೇಸರಿ, ಏಲಕ್ಕಿ, ಬದಾಮಿ ಹಾಕಿ, ಬೆಳದಿಂಗಳು ಹಾಲಿನ ಮೇಲೆ ಬೀಳುವಂತೆ ಇಟ್ಟು, ಆಮೇಲೆ ಎಲ್ಲರೂ ಕುಡಿಯುತ್ತಾರೆ. ಒಳ್ಳೆಯ ಜನ. ಪ್ರತಿವರ್ಷ ನಮ್ಮನ್ನೂ ಕರೆಯುತ್ತಾರೆ. ನಾವು ಹೋಗಿ ಹತ್ತು ನಿಮಿಷ ಕುಳಿತು, ಮಾತನಾಡಿ, ಹಾಲು ಮುಟ್ಟದೆ ಬರುತ್ತೇವೆ. ನಮ್ಮ ನಿಯಮ ಅವರಿಗೂ ಗೊತ್ತು, ಒತ್ತಾಯ ಮಾಡುವುದಿಲ್ಲ.

ಹೋದ ವರ್ಷ ಎರಡನೆಯ ಇಯತ್ತೆಯಲ್ಲಿದ್ದ ಮೊಮ್ಮಗಳು ನಮ್ಮ ಜೊತೆ ಬಂದಿದ್ದಳು. ಗೆಳತಿಯರೆಲ್ಲ ಲೋಟ ಹಿಡಿದು ಸಾಲಾಗಿ ಕುಳಿತಿದ್ದರು. ಇವಳು ನಮ್ಮ ಧೋತರದ ಚುಂಗು ಹಿಡಿದು ಕೇಳಿದಳು: "ಅಜ್ಜಾ, ಎಲ್ಲಾರೂ ಕುಡಿಯಾಕತ್ತಾರ. ನಾವಷ್ಟ ಯಾಕ ಕುಡಿಯಂಗಿಲ್ಲ?"

ನಮಗೆ ಉತ್ತರ ಗೊತ್ತಿತ್ತು. ಕತ್ತಲಲ್ಲಿ ಸೂಕ್ಷ್ಮ ಜೀವಿಗಳು ಕಾಣುವುದಿಲ್ಲ, ದೀಪದ ಬೆಳಕಿಗೆ ಹುಳಗಳು ಬಂದು ಅನ್ನದಲ್ಲಿ ಬೀಳುತ್ತವೆ, ಅದಕ್ಕೆ ರಾತ್ರಿ ಭೋಜನ ತ್ಯಾಗ ಎಂದೆವು. ಸಾಲದೆಂದು, ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ ಹನ್ನೊಂದು ಪ್ರತಿಮೆಗಳಲ್ಲಿ ಇದು ಆರನೆಯದು ಎಂದೂ ಹೇಳಿದೆವು. ಏಳು ವರ್ಷದ ಹುಡುಗಿಗೆ! ಅವಳು ಪೂರ್ತಿ ಕೇಳಿದಳು, ಏನೂ ಅನ್ನಲಿಲ್ಲ, ಮೆಟ್ಟಿಲಿಳಿದು ಮನೆಗೆ ಹೋದಳು. ಆಮೇಲೆ ಸೊಸೆ ಹೇಳಿದಳು: "ಮಾವಾರ, ಕಿಡಕಿ ಹತ್ರ ನಿಂತು ಮ್ಯಾಲಿನ ನಗಿ ಕೇಳಕೋತ ಇದ್ದಳ್ರಿ."

ನಾವು ಕೊಟ್ಟ ಉತ್ತರ ತಪ್ಪಾಗಿರಲಿಲ್ಲ. ಆದರೆ ಆ ಮಗುವಿನ ಕೈಗೆ ನಾವು ಕೊಟ್ಟದ್ದು ಒಂದು 'ಬೇಡ' ಮಾತ್ರ. ಬೇಡ ಎಂದ ಜಾಗದಲ್ಲಿ ಇಡಲು ನಮ್ಮ ಬಳಿ ಬೇರೇನೂ ಇರಲಿಲ್ಲ.

ಮೊದಲು ಹೀಗಿರಲಿಲ್ಲ. ನಾವು ಚಿಕ್ಕವರಿದ್ದಾಗ ನಮ್ಮ ತಂದೆಯವರ ಜವಳಿ ಅಂಗಡಿ ಪೇಟೆಯಲ್ಲಿತ್ತು, ಮನೆ ಅದರ ಹಿಂದಿನ ವಾಡೆಯಲ್ಲಿ. ಸಂಜೆ ಐದಕ್ಕೆ ಗಲ್ಲೆಯ ಕೀಲಿಯನ್ನು ಹಿರಿಯ ಗುಮಾಸ್ತರಿಗೆ ಒಪ್ಪಿಸಿ ಒಳಗೆ ಬರುತ್ತಿದ್ದರು. ಕೈಕಾಲು ತೊಳೆದು, ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಊಟ. ಊಟವಾದ ಕೂಡಲೇ ಅವರು ಅಂಗಡಿಗೆ ಹೋಗುತ್ತಿರಲಿಲ್ಲ. ನಮ್ಮನ್ನು ಕರೆದುಕೊಂಡು ಸಿದ್ಧೇಶ್ವರ ಕೆರೆಯ ದಂಡೆಗೆ ಹೊರಡುತ್ತಿದ್ದರು. ಸೊನ್ನಲಿಗೆಯ ಸಿದ್ಧರಾಮರು 12ನೆಯ ಶತಮಾನದಲ್ಲಿ ಕಟ್ಟಿಸಿದರೆಂದು ಹೇಳುವ ಕೆರೆ ಅದು. ಒಂದು ಕಡೆ ಭುಯಿಕೋಟ ಕಿಲ್ಲೆಯ ಗೋಡೆ, ನಡುನೀರಿನಲ್ಲಿ ಗುಡಿ. ತಂದೆಯವರು ಮಾತುಗಾರರಲ್ಲ. ದಂಡೆಯ ಮೇಲೆ ಕುಳಿತು ಸುಮ್ಮನೆ ನೀರು ನೋಡುತ್ತಿದ್ದರು. ನಾವು ಸುತ್ತ ಓಡಾಡುತ್ತಿದ್ದೆವು. ಕಿಲ್ಲೆಯ ಗೋಡೆ ಕಪ್ಪಾಗುವ ಹೊತ್ತಿಗೆ ಎದ್ದು, "ನಡೀರಿ" ಎನ್ನುತ್ತಿದ್ದರು. ಅಷ್ಟೇ. ಅರ್ಧ ತಾಸಿನ ಮಾತು. ಅವರು ನಮಗೆ ಕಲಿಸಿದ ವ್ಯಾಪಾರದ ಪಾಠಗಳಲ್ಲಿ ಎಷ್ಟೋ ಮರೆತುಹೋಗಿವೆ, ಆ ದಂಡೆ ಮರೆತಿಲ್ಲ.

ಅಂಗಡಿ ನಮ್ಮ ಕೈಗೆ ಬಂದ ಮೇಲೆ ಆ ಅರ್ಧ ತಾಸು ಹೋಯಿತು. ಯಾರೂ ಕಿತ್ತುಕೊಳ್ಳಲಿಲ್ಲ, ನಾವೇ ಬಿಟ್ಟೆವು. ದಸರೆಯಿಂದ ಲಗ್ನಸರಾಯಿಯವರೆಗೆ ನಮ್ಮ ವ್ಯಾಪಾರದ ಸುಗ್ಗಿ, ಗಿರಾಕಿ ಬರುವುದೇ ಸಂಜೆ ಐದರ ಮೇಲೆ. ಕೈ ತೊಳೆದ ನೀರು ಆರುವ ಮೊದಲೇ ಗಾದಿಯ ಮೇಲೆ ಕುಳಿತಿರುತ್ತಿದ್ದೆವು. ಈಗ ಅಂಗಡಿ ಮಗನದು. ಅವನು ಊಟಕ್ಕೂ ಮನೆಗೆ ಬರುವುದಿಲ್ಲ. ಐದಕ್ಕೆ ಡಬ್ಬಿ ಹೋಗುತ್ತದೆ, ಥಾನುಗಳ ಹಿಂದೆ ನಿಂತು ನಾಲ್ಕು ತುತ್ತು ತಿನ್ನುತ್ತಾನೆ. ನಿಯಮ ಮುರಿದಿಲ್ಲ, ನಿಜ. ಆದರೆ ಆ ನಿಯಮ ಒಂದು ಮನೆಯನ್ನು ಹಗಲಿರುವಾಗಲೇ ಒಂದೆಡೆ ಕೂಡಿಸುತ್ತಿತ್ತಲ್ಲ, ಅದು ಎಲ್ಲಿ ಹೋಯಿತು?

ಹೋದ ವರ್ಷದ ಪ್ರಸಂಗವನ್ನು ಮಗನಿಗೆ ಹೇಳುವಾಗ ನಮ್ಮ ತಂದೆಯವರ ಕೆರೆ ದಂಡೆಯ ಕಥೆಯನ್ನೂ ಹೇಳಿದೆವು. ಅವನು ಬಿಲ್ಲುಗಳನ್ನು ಜೋಡಿಸುತ್ತಲೇ ಕೇಳಿದ: "ಅಪ್ಪಾ, ನೀವು ನನ್ನ ಯಾವಾಗರೆ ಕೆರಿ ಕಡೆ ಕರಕೊಂಡು ಹೋಗಿದ್ರ್ಯೇನು?" ದೂರುವ ಧ್ವನಿಯಲ್ಲಿ ಕೇಳಲಿಲ್ಲ. ನೆನಪಾಗದ್ದಕ್ಕೆ ಕೇಳಿದ. ನಾವು ಬಹಳ ಹೊತ್ತು ಯೋಚಿಸಿದೆವು. ನಮಗೂ ನೆನಪಾಗಲಿಲ್ಲ.

ಓದುಗರೇ, ಇದನ್ನು ನಿಮ್ಮೆದುರು ಬಿಚ್ಚಿಡಲು ಕಾರಣವಿದೆ. ಇದು ನಮ್ಮೊಬ್ಬರ ಮನೆಯ ಕಥೆ ಅಲ್ಲವೆಂದು ನಮಗೆ ಗೊತ್ತು. ಅಂಗಡಿಯವರ ಮನೆಗಳಲ್ಲಿ ಶರದೃತು ಬಂತೆಂದರೆ ಮಕ್ಕಳಿಗೆ ತಂದೆಯ ಬೆನ್ನು ಮಾತ್ರ ಕಾಣುತ್ತದೆ. ವರ್ಷದಲ್ಲಿ ಹೊರಗೆ ಕೂರಲು ಎಲ್ಲಕ್ಕಿಂತ ಚೆಂದದ ಸಂಜೆಗಳೂ ಅವೇ.

ಸ್ವಲ್ಪ ಲೆಕ್ಕ ಹಾಕೋಣ, ಲೆಕ್ಕ ನಮಗೆ ಹೊಸದಲ್ಲವಲ್ಲ. ಸೊಲ್ಲಾಪುರದಲ್ಲಿ ಸೆಪ್ಟೆಂಬರ್ 1ಕ್ಕೆ ಸೂರ್ಯ ಮುಳುಗುವುದು ಸುಮಾರು 6-40ಕ್ಕೆ. ಅಕ್ಟೋಬರ್ ನಡುವಿಗೆ 6-05. ಅಕ್ಟೋಬರ್ ಕೊನೆಗೆ 5-55. ಎರಡೇ ತಿಂಗಳಲ್ಲಿ ಸಂಜೆ ಮುಕ್ಕಾಲು ತಾಸು ಹಿಂದೆ ಸರಿಯುತ್ತದೆ. ಸೂರ್ಯಾಸ್ತಕ್ಕೆ ಎರಡು ಘಳಿಗೆ ಮೊದಲು ಊಟ ಮುಗಿಯಬೇಕೆಂಬುದು ಹಿರಿಯರು ಹಾಕಿದ ಪದ್ಧತಿ. ಘಳಿಗೆಗೆ 24 ನಿಮಿಷ, ಎರಡಕ್ಕೆ 48. ಅಂದರೆ ದೀಪಾವಳಿಯ ಸುಮಾರಿಗೆ ಐದೂ ಹತ್ತಕ್ಕೆಲ್ಲ ಊಟ ಮುಗಿದಿರುತ್ತದೆ. ಸೂರ್ಯ ಮುಳುಗಿದ ಮೇಲೂ ಇಪ್ಪತ್ತು ನಿಮಿಷ ಒಳ್ಳೆಯ ಬೆಳಕಿರುತ್ತದೆ. ಊಟಕ್ಕೂ ದೀಪಕ್ಕೂ ನಡುವೆ ಒಂದು ತಾಸಿಗಿಂತ ಹೆಚ್ಚು ಹೊತ್ತು! ಬೇರೆ ಮನೆಗಳಲ್ಲಿ ಆ ಹೊತ್ತಿಗೆ ಅಡಿಗೆಯ ಚಿಂತೆ. ನಮ್ಮ ಮನೆಗಳಲ್ಲಿ ಪಾತ್ರೆಯೂ ತೊಳೆದಾಗಿರುತ್ತದೆ. ಹೆಣ್ಣುಮಕ್ಕಳೂ ಗಂಡಸರೂ ಮಕ್ಕಳೂ ಒಟ್ಟಿಗೆ ಕೈ ಖಾಲಿ ಇರುವ ಹೊತ್ತು ಇಡೀ ದಿನದಲ್ಲಿ ಅದೊಂದೇ. ನಾವು ಅದನ್ನು ವ್ರತದ ಕಷ್ಟವೆಂದು ಎಣಿಸಿಕೊಂಡು ಬಂದಿದ್ದೇವೆ. ಮಕ್ಕಳಿಗೆ ಕೊಡಬಹುದಾದ ಆಸ್ತಿಯೂ ಅದರಲ್ಲೇ ಇದೆ.

ಹೊರಗೆ ಹೋಗಿ ಏನು ನೋಡುವುದು ಎನ್ನುತ್ತೀರೋ? ನಮ್ಮ ಬಯಲುಸೀಮೆಯಲ್ಲಿ ಈ ತಿಂಗಳುಗಳಲ್ಲಿ ಕಾಣುವುದಕ್ಕೆ ಕಡಿಮೆಯಿಲ್ಲ. ಹಸ್ತ, ಚಿತ್ತ ಮಳೆಗಳು ತೊಳೆದುಕೊಟ್ಟ ಆಕಾಶದಲ್ಲಿ ಧೂಳಿಲ್ಲ. ಮಧ್ಯಾಹ್ನ ಅಕ್ಟೋಬರಿನ ಬಿಸಿಲು ಚುರುಗುಟ್ಟಿದರೂ ಸಂಜೆಗೆ ತಂಪು ಗಾಳಿ ಬಿಡುತ್ತದೆ. ಊರ ಹೊರಗೆ ಹಿಂಗಾರಿ ಜೋಳ ಗೇಣುದ್ದ ಎದ್ದಿರುತ್ತದೆ, ತೊಗರಿ ಹಳದಿ ಹೂ ಬಿಟ್ಟಿರುತ್ತದೆ, ದಾರಿಯ ಬದಿಗೆ ತಂಗಡಿ ಹೂ. ಮಧ್ಯ ಏಷ್ಯಾದಂಥ ದೂರದ ದೇಶಗಳಿಂದ ಬರುವ ಗುಲಾಬಿ ಮೈನಾಗಳು, ಮರಾಠಿಯಲ್ಲಿ ಭೋರಡ್ಯಾ ಎನ್ನುತ್ತಾರೆ, ಸಂಜೆ ಗೂಡಿಗೆ ಹೋಗುವ ಮೊದಲು ಸಾವಿರಗಟ್ಟಲೆ ಕೂಡಿ ಆಕಾಶದಲ್ಲಿ ಒಮ್ಮೆ ಮಡಚಿ ಒಮ್ಮೆ ಬಿಚ್ಚಿ ಹಾರುತ್ತವೆ. ಜವಳಿಯವರಾದ ನಮಗೆ ಅದು ಯಾರೋ ಥಾನು ಬಿಚ್ಚಿ ಝಾಡಿಸಿದಂತೆ ಕಾಣುತ್ತದೆ. ಬಾಲ ಕುಣಿಸುತ್ತ ನೀರಂಚಿನಲ್ಲಿ ಓಡುವ ಪುಟ್ಟ ಹಕ್ಕಿಗಳೂ ಇದೇ ಹೊತ್ತಿಗೆ ಉತ್ತರದಿಂದ ಇಳಿದಿರುತ್ತವೆ. ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು: "ಇವು ನಮ್ಮೂರಿಗಿ ಬೀಗರು ಬಂದಂಗ ಬಂದಾವ, ಬ್ಯಾಸಿಗಿಗೆ ತಿರುಗಿ ಹೋಗತಾವ."

ಗಚ್ಚಿಯ ಮೇಲೆ ನಿಂತೇ ನೋಡಬಹುದಾದ ಇನ್ನೊಂದು ಸಂಗತಿಯನ್ನು ನಾವು ಈಚೆಗೆ ಕಲಿತೆವು. ಸೂರ್ಯ ಮುಳುಗುವಾಗ ಎಲ್ಲರೂ ಪಡುವಣಕ್ಕೆ ಮುಖ ಮಾಡುತ್ತಾರೆ. ಮುಳುಗಿದ ಮೇಲೆ ಮಕ್ಕಳನ್ನು ಮೂಡಣಕ್ಕೆ ತಿರುಗಿಸಿ. ಐದು ಹತ್ತು ನಿಮಿಷದಲ್ಲಿ ದಿಗಂತದ ಮೇಲೆ ಬೂದುನೀಲಿಯ ಒಂದು ಪಟ್ಟಿ ಏಳುತ್ತದೆ. ಅದರ ಮೇಲೆ ಸೀರೆಯ ದಡಿಯಂತೆ ನಸುಗೆಂಪು. ಆ ನೀಲಿ ಮೋಡವಲ್ಲ, ನಾವು ನಿಂತ ಈ ಭೂಮಿಯ ನೆರಳೇ ಆಕಾಶದ ಮೇಲೆ ಬಿದ್ದದ್ದು. ಅದು ಮೇಲೇರುತ್ತ ಏರುತ್ತ ಮಸುಕಾಗಿ ರಾತ್ರಿಯಾಗುತ್ತದೆ. ನಾವು ಅರವತ್ತು ವರ್ಷ ಇದೇ ಆಕಾಶದ ಕೆಳಗೆ ಬದುಕಿ ಒಮ್ಮೆಯೂ ನೋಡಿರಲಿಲ್ಲ. ಆ ಹೊತ್ತಿಗೆ ನಾವು ಟ್ಯೂಬ್‌ಲೈಟಿನ ಕೆಳಗೆ ಇರುತ್ತಿದ್ದೆವು.

ನಮ್ಮಂಥ ಗಡಿನಾಡಿನ ಮನೆಗಳಿಗೆ ಈ ಹೊತ್ತಿನಿಂದ ಇನ್ನೊಂದು ಉಪಕಾರವಿದೆ. ನಮ್ಮ ಮೊಮ್ಮಗಳು ಶಾಲೆಯಲ್ಲಿ ಓದುವುದು ಮರಾಠಿ, ಇಂಗ್ಲಿಷು. ಮನೆಯಲ್ಲಿ ಕನ್ನಡ ಆಡುತ್ತಾಳೆ, ಆದರೆ ಅದು ಊಟ ಮಾಡು, ನೀರು ಕೊಡು ಎಂಬಷ್ಟಕ್ಕೆ ನಿಂತಿತ್ತು. ಅವಳ ಆಯಿಯ ಜೊತೆ ನಾಲ್ಕು ಸಂಜೆ ಅಡ್ಡಾಡಿದ ಮೇಲೆ ಮುಚ್ಚಂಜೆ, ಸುಳಿಗಾಳಿ, ಗರಿಕೆ, ಕರಕಿ, ತೆನೆ, ಬದು ಎಂಬ ಮಾತುಗಳು ಬಂದವು. ಮನೆಯೊಳಗೆ ಕುಳಿತು ಕಲಿಸಲಾಗದ ಮಾತುಗಳು ಇವು. ವಸ್ತು ಕಣ್ಣಿಗೆ ಬಿದ್ದಾಗಲೇ ಅದರ ಹೆಸರು ನಾಲಿಗೆಗೆ ಹತ್ತುತ್ತದೆ.

ನಡೆಯುವಾಗಲೇ ಧರ್ಮದ ಪಾಠವೂ ಆಗುತ್ತದೆ, ಪ್ರವಚನ ಮಾಡಬೇಕಿಲ್ಲ. ಮಳೆ ನಿಂತ ಹೊತ್ತಿನಲ್ಲಿ ಕಾಲುದಾರಿಯ ತುಂಬ ಇರುವೆ, ಹುಳು. ಕೆಳಗೆ ನೋಡಿ ಹೆಜ್ಜೆ ಇಡು ಎಂದರೆ ಸಾಕು, ಮಕ್ಕಳು ಅದನ್ನೊಂದು ಆಟವಾಗಿ ಮಾಡಿಕೊಳ್ಳುತ್ತಾರೆ. ಕೆರೆಯ ದಂಡೆಯಲ್ಲಿ ಹುಡುಗರು ಏರೋಪ್ಲೇನ್ ಚಿಟ್ಟೆಯ ಬಾಲಕ್ಕೆ ದಾರ ಕಟ್ಟಿ ಹಾರಿಸುವುದು ಹಳೆಯ ಚಟ. ಮರೆಮಾಚುವುದೇಕೆ, ಚಿಕ್ಕಂದಿನಲ್ಲಿ ನಾವೂ ಕಟ್ಟಿದವರೇ. ಒಂದು ಸಂಜೆ ತಂದೆಯವರು ಅದನ್ನು ನೋಡಿ ಬೈಯಲಿಲ್ಲ. ನಮ್ಮ ಕಿರುಬೆರಳಿಗೆ ಅದೇ ದಾರ ಕಟ್ಟಿ, ಇನ್ನೊಂದು ತುದಿ ತಾವು ಹಿಡಿದು ಮನೆಯವರೆಗೆ ನಡೆಸಿಕೊಂಡು ಬಂದರು. ಮತ್ತೆ ಕಟ್ಟಲಿಲ್ಲ.

ಇನ್ನು ಈ ವರ್ಷದ ಶೀಗಿ ಹುಣ್ಣಿಮೆಯ ಮಾತು.

ಹುಣ್ಣಿಮೆಯ ಚಂದ್ರನದು ಒಂದು ನೇಮವಿದೆ. ಸೂರ್ಯನಿಗೆ ಎದುರಾಗಿ ನಿಂತಾಗಲೇ ಹುಣ್ಣಿಮೆ, ಆದ್ದರಿಂದ ಇತ್ತ ಸೂರ್ಯ ಮುಳುಗುವ ಸುಮಾರಿಗೆ ಅತ್ತ ಚಂದ್ರ ಹುಟ್ಟುತ್ತಾನೆ. ಹತ್ತಿಪ್ಪತ್ತು ನಿಮಿಷ ಹಿಂದೆ ಮುಂದೆ ಆಗಬಹುದು, ಅಷ್ಟೇ. ಮರುದಿನ ಮುಕ್ಕಾಲು ತಾಸು ತಡ. ಈ ಮಾತು ತಲೆಗೆ ಹೊಳೆದಾಗ ನಮಗೆ ನಮ್ಮ ದಡ್ಡತನಕ್ಕೆ ನಗು ಬಂತು. ಹಾಲು ಕುಡಿಯಲು ರಾತ್ರಿ ಏಕೆ ಬೇಕು? ಹಗಲಲ್ಲಿ ಕುಡಿದು, ಚಂದ್ರನನ್ನು ಎದುರುಗೊಳ್ಳಲು ಹೋದರಾಯಿತಲ್ಲ!

ನಾಲ್ಕೂವರೆಗೆ ಸೊಸೆ ಹಾಲು ಕುದಿಸಿದಳು. ಕೇಸರಿ, ಏಲಕ್ಕಿ, ಬದಾಮಿ, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಊಟದ ಜೊತೆಗೇ, ಐದೂ ಕಾಲರೊಳಗೆ, ಗಚ್ಚಿಯ ಮೇಲೆ ಬಿಸಿಲಿನಲ್ಲಿ ಕುಳಿತು ಎಲ್ಲರೂ ಕುಡಿದೆವು. ಮೊಮ್ಮಗಳು ಕೆಳಗಿನ ಮನೆಯ ಮೂವರು ಗೆಳತಿಯರನ್ನೂ ಕರೆತಂದಿದ್ದಳು. ರಾತ್ರಿಯ ಹಾಲು ಹೇಗೂ ಅವರಿಗಿತ್ತು, ಈ ಹಾಲಿಗೂ ಬೇಡವೆನ್ನಲಿಲ್ಲ. ಮಗನಿಗೆ ನಾವು ಹೇಳಿಕಳಿಸಿರಲಿಲ್ಲ. ಅವನಾಗಿಯೇ ಬಂದ. ಅಂಗಡಿಯನ್ನು ಹುಡುಗರ ಮೇಲೆ ಬಿಟ್ಟು, ಡಬ್ಬಿ ಕಳಿಸಬೇಡಿರೆಂದು ಫೋನು ಮಾಡಿ ಬಂದಿದ್ದ.

ಎಲ್ಲರೂ ಕೂಡಿ ಕೆರೆಯ ದಂಡೆಗೆ ಹೋದೆವು. ಸೂರ್ಯ ಮುಳುಗಿದ. ಮಕ್ಕಳನ್ನು ಮೂಡಣಕ್ಕೆ ತಿರುಗಿಸಿ ನಿಲ್ಲಿಸಿದೆವು. ಚಂದ್ರ ಬರಲಿಲ್ಲ. ಮಗನ ಮೊಬೈಲು ಮೇಲಿಂದ ಮೇಲೆ ಹೊಡೆದುಕೊಂಡಿತು. ಅವನು ಒಮ್ಮೆ ನೋಡಿ ಕಿಸೆಗೆ ಹಾಕಿದ. ಐದು ನಿಮಿಷ, ಹತ್ತು ನಿಮಿಷ. ಊರ ಕಟ್ಟಡಗಳು ದಿಗಂತವನ್ನು ಮುಚ್ಚಿದ್ದವು, ಅದು ನಮ್ಮ ಲೆಕ್ಕಕ್ಕೆ ಬಂದಿರಲಿಲ್ಲ. "ಅಜ್ಜಾ, ಇವತ್ತ ಬರಂಗಿಲ್ಲೇನು?" ಎಂದು ಮೊಮ್ಮಗಳು ಅಳುಮುಖ ಮಾಡಿದಳು. ಅಷ್ಟರಲ್ಲಿ ಎರಡು ಮಾಳಿಗೆಗಳ ನಡುವಿನ ಸಂದಿಯಲ್ಲಿ ಕೆಂಪಗೆ ಏನೋ ಹೊತ್ತಿಕೊಂಡಂತಾಯಿತು. ಮೊದಲು ನೋಡಿದವನು ಮಗ. ಮಗಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ. ಅವನು ಆರು ಮೀಟರ್ ಸೀರೆಯನ್ನು ಹೊರತು ಹೆಗಲ ಮೇಲೆ ಏನನ್ನಾದರೂ ಹಾಕಿಕೊಂಡದ್ದನ್ನು ನಾವು ಬಹಳ ವರ್ಷಗಳಿಂದ ಕಂಡಿರಲಿಲ್ಲ.

ಮರಳಿ ಬರುವಾಗ ಬೀದಿಯ ದೀಪಗಳು ಹತ್ತಿದ್ದವು. ಹಿಂದಿನ ದಿನ ಮಳೆಯಾಗಿತ್ತು, ಒಂದೊಂದು ದೀಪದ ಸುತ್ತ ನೂರಾರು ಹುಳ, ಕೆಳಗೆ ನೆಲದ ಮೇಲೆ ಉದುರಿದ ರೆಕ್ಕೆಗಳು. ಮೊಮ್ಮಗಳು ಒಂದು ಕಂಬದ ಕೆಳಗೆ ನಿಂತು ತಲೆಯೆತ್ತಿ ನೋಡಿದಳು. "ಅಜ್ಜಾ, ಈಗ ಹಾಲು ಕುಡದಿದ್ರ ಇವು ಅದರಾಗ ಬೀಳ್ತಿದ್ವು, ಹೌದಲ್ಲ?" ಎಂದಳು. ಹೌದೆಂದೆವು. ಹೋದ ವರ್ಷ ನಾವು ಗ್ರಂಥ ಹಿಡಿದು ಹೇಳಿದ್ದೂ ಇದನ್ನೇ. ಸ್ವಲ್ಪ ದೂರ ನಡೆದು ಮತ್ತೆ ಕೇಳಿದಳು: "ಹಂಗಾದ್ರ ಬೀದಿ ದೀಪ ಯಾಕ ಹಚ್ಚತಾರ?" ಅದಕ್ಕೆ ನಮ್ಮ ಬಳಿ ಉತ್ತರವಿರಲಿಲ್ಲ. ಮುಂದಿನ ಸಂಜೆಗಳಿಗೆ ಇರಲಿ ಎಂದು ಇಟ್ಟುಕೊಂಡಿದ್ದೇವೆ.

ಲೆಕ್ಕ ಪೂರ್ತಿ ಹೇಳಬೇಕು. ಆ ಸಂಜೆ ಎರಡು ಗಿರಾಕಿ ತಿರುಗಿ ಹೋದವೆಂದು ಅಂಗಡಿಯ ಹುಡುಗರು ಹೇಳಿದರು, ಅದರಲ್ಲಿ ಒಂದು ಲಗ್ನದ ಜವಳಿಯದು. ಮಗ ಆ ಬಗ್ಗೆ ಏನೂ ಅನ್ನಲಿಲ್ಲ. ಈಗ ದಿನವೂ ಬರುವುದಿಲ್ಲ, ಬರಲಾಗುವುದೂ ಇಲ್ಲ. ಬುಧವಾರ ಮತ್ತು ಶನಿವಾರ ಡಬ್ಬಿ ಕಳಿಸಬೇಡಿರಿ ಎಂದಿದ್ದಾನೆ. ನಮಗೆ ಅಷ್ಟು ಸಾಕು.

ನಿಮ್ಮ ನಿಮ್ಮ ಊರಿನ ಸಂಜೆ ಬೇರೆ ಎಂಬುದನ್ನು ನಾವು ಮರೆತಿಲ್ಲ. ವಯನಾಡಿನ, ಕಾಸರಗೋಡಿನ ಓದುಗರು ನಗಬಹುದು. ಅಲ್ಲಿ ಈ ದಿನಗಳಲ್ಲಿ ಮಧ್ಯಾಹ್ನ ಕಳೆಯುತ್ತಲೇ ಗುಡುಗು, ತುಲಾಮಾಸದ ಮಳೆ. ಹೊಸೂರು, ತಾಳವಾಡಿಯ ಕಡೆಗೂ ಮಳೆ ಮುಗಿದಿರುವುದಿಲ್ಲ. ಮಳೆ ನಿಂತ ಸಂಜೆ ಜಗಲಿಯಲ್ಲಿ ಕುಳಿತರೂ ನಡೆದೀತು. ತೊಟ್ಟಿಕ್ಕುವ ಮಾಡಿನ ಕೆಳಗೆ ಕಪ್ಪೆಗಳ ಕೂಗನ್ನು ಎಣಿಸುವುದೂ ಮಕ್ಕಳಿಗೆ ಹಬ್ಬವೇ. ನೀಲಗಿರಿಯವರಿಗೆ ಸ್ವೆಟರ್ ಬೇಕು. ಆದವಾನಿಯಲ್ಲಿ ಹೊಸ ಹತ್ತಿ ಮಾರುಕಟ್ಟೆಗೆ ಬರುವ ಕಾಲ, ದಲ್ಲಾಳಿ ಅಂಗಡಿಯವರಿಗೆ ಉಸಿರಾಡಲು ಬಿಡುವಿಲ್ಲ. ಅಂಥವರು ಭಾನುವಾರ ಒಂದನ್ನಾದರೂ ಹಿಡಿದಿಡಿ. ಸೂರ್ಯಾಸ್ತದ ಹೊತ್ತೂ ಊರಿಂದೂರಿಗೆ ಬೇರೆ. ಅಕ್ಟೋಬರ್ ಕೊನೆಗೆ ಕಾಸರಗೋಡಿನಲ್ಲಿ ಸೂರ್ಯ ನಮಗಿಂತ ಸುಮಾರು ಹತ್ತು ನಿಮಿಷ ತಡವಾಗಿ ಮುಳುಗುತ್ತಾನೆ. ನಿಮ್ಮ ಪಂಚಾಂಗ ನೋಡಿಕೊಳ್ಳಿ.

ಈ ಸಂಚಿಕೆ ನಿಮ್ಮ ಕೈ ಸೇರುವಾಗ ದೀಪಾವಳಿ ಹತ್ತಿರ ಬಂದಿರುತ್ತದೆ. ಪಾವಾಪುರಿಯಲ್ಲಿ ಭಗವಾನ್ ಮಹಾವೀರರು ನಿರ್ವಾಣ ಹೊಂದಿದ ಅಮಾವಾಸ್ಯೆ. ಬೆಳಗಿನ ಜಾವ ಬಸದಿಯಲ್ಲಿ ನಿರ್ವಾಣ ಲಾಡು, ಸಂಜೆ ಗೌತಮ ಗಣಧರರಿಗೆ ಕೇವಲಜ್ಞಾನವಾದ ಸ್ಮರಣೆಗೆ ದೀಪ, ಆಮೇಲೆ ವಹಿಪೂಜೆ. ಆ ಸಂಜೆ ಊಟಕ್ಕೂ ದೀಪಕ್ಕೂ ನಡುವೆ ಮಕ್ಕಳ ಕೈ ಹಿಡಿದು ಒಂದು ಸುತ್ತು ಹೋಗಿಬನ್ನಿ. ಅಮಾವಾಸ್ಯೆಯ ಆಕಾಶದಲ್ಲಿ ನಕ್ಷತ್ರ ಒಂದೊಂದೇ ಮೂಡುವುದನ್ನು ನೋಡಿ ಬಂದ ಮಗು ಪಟಾಕಿ ಬೇಡವೆಂದರೆ ಅಷ್ಟು ಹಟ ಮಾಡಲಾರದು.

ಅಲ್ಲಿಂದ ಹದಿನೈದು ದಿನಕ್ಕೆ ಕಾರ್ತಿಕದ ಹುಣ್ಣಿಮೆ, ನಂದೀಶ್ವರ ಅಷ್ಟಾಹ್ನಿಕ ಮುಗಿಯುವ ದಿನ. ನಮ್ಮ ಕಡೆಯ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಸಕ್ಕರೆ ಆರತಿ ಹಿಡಿಯುವ ಗೌರಿ ಹುಣ್ಣಿಮೆಯೂ ಅದೇ. ಆ ಹುಣ್ಣಿಮೆಯ ಚಂದ್ರ ಕೃತ್ತಿಕಾ ನಕ್ಷತ್ರದ ಹತ್ತಿರ ನಿಲ್ಲುವುದರಿಂದಲೇ ಮಾಸಕ್ಕೆ ಕಾರ್ತಿಕವೆಂಬ ಹೆಸರು. ಹುಣ್ಣಿಮೆಯ ಬೆಳಕಿನಲ್ಲಿ ಕೃತ್ತಿಕೆ ಮಸುಕಾಗುತ್ತದೆ. ಎಂಟು ದಿನ ಕಳೆದು, ಚಂದ್ರ ತಡವಾಗಿ ಹುಟ್ಟುವಾಗ, ಏಳೂವರೆಯ ಸುಮಾರಿಗೆ ಮೂಡಣದಲ್ಲಿ ಹುಡುಕಿ. ಒಂದೇ ಗೊಂಚಲಾಗಿ ಆರು ಚಿಕ್ಕೆ ಕಾಣುತ್ತವೆ. ಕಣ್ಣು ಚುರುಕಿದ್ದವರಿಗೆ ಹೆಚ್ಚೂ ಕಂಡಾವು. ಮಕ್ಕಳು ನಿಮಗಿಂತ ಒಂದು ಹೆಚ್ಚು ಎಣಿಸಿದರೆ ವಾದ ಮಾಡಬೇಡಿ.

ಹೊಸ ವಹಿಯ ಮೊದಲ ಪುಟದಲ್ಲಿ 'ಶ್ರೀ' ಬರೆಯುವಾಗ ಮನಸ್ಸಿನಲ್ಲಿಯೇ ಇನ್ನೊಂದು ಕಲಮನ್ನೂ ಬರೆದುಕೊಳ್ಳಿರೆಂದು ನಮ್ಮ ವಿನಂತಿ: ವಾರಕ್ಕೆ ಎರಡು ಸಂಜೆ, ಅರ್ಧರ್ಧ ತಾಸು, ಮಕ್ಕಳ ಖಾತೆಗೆ. ಈ ಖಾತೆಯಲ್ಲಿ ಬಾಕಿ ಉಳಿಸಿಕೊಂಡವರು ಅದನ್ನು ಮುಂದೆ ತೀರಿಸಲಾಗುವುದಿಲ್ಲ. ನಮ್ಮ ಅನುಭವದಿಂದ ಹೇಳುತ್ತಿದ್ದೇವೆ. ಮಗನಿಗೆ ಕೊಡಬೇಕಾದದ್ದನ್ನು ಈಗ ಮೊಮ್ಮಗಳಿಗೆ ಕಟ್ಟುತ್ತಿದ್ದೇವೆ. ಅವಳು ರಸೀದಿ ಕೇಳದೆ ತೆಗೆದುಕೊಳ್ಳುತ್ತಿದ್ದಾಳೆ.

ಎಲ್ಲ ಮನೆಗಳಿಗೂ ನಿರ್ವಾಣೋತ್ಸವದ ಶುಭಾಶಯಗಳು. ಜೈ ಜಿನೇಂದ್ರ.